ಕೋಟೆ ಕೊಳ್ಳೆ ಹೋದ ಮೇಲೆ ಬಂದ ಪತ್ತೇದಾರ

ನಮ್ಮ ಅಕ್ಕೂರಿನಿಂದ ಚನ್ನಪಟ್ಟಣಕ್ಕೆ ಬಂದು ಮೈಸೂರಿನ ಬಸ್ಸು ಹಿಡಿದರೆ, ಮದ್ದೂರು ಮಂಡ್ಯ ದಾಟಿದ ಮೇಲೆ ಶ್ರೀರಂಗಪಟ್ಟಣ ಸಿಕ್ಕುತ್ತದೆ. ಇಂಗ್ಲಿಷಿನ ಪತ್ತೇದಾರಿ ಕಾದಂಬರಿ ಎಲ್ಲಿ ಹುಟ್ಟಿತೆಂದು ಯಾರಾದರೂ ಕೇಳಿದರೆ ಲಂಡನ್ನಿನ ಮಂಜು ಕವಿದ ಬೀದಿಗಳನ್ನೂ ಗ್ಯಾಸು ದೀಪಗಳನ್ನೂ ನೆನೆಯುವುದು ವಾಡಿಕೆ. ನಾನಾದರೋ ಕೇಳಿದವರಿಗೆ ಈ ಬಸ್ಸನ್ನು ತೋರಿಸುತ್ತೇನೆ. ಇದು ಊರಿನ ಅಭಿಮಾನದಿಂದ ಆಡುವ ಮಾತಲ್ಲ. ವಿಲ್ಕಿ ಕಾಲಿನ್ಸನು 1868ರಲ್ಲಿ ಪ್ರಕಟಿಸಿದ ‘ದಿ ಮೂನ್‌ಸ್ಟೋನ್’ ಎಂಬ ಕಾದಂಬರಿಯನ್ನು ಆಧುನಿಕ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ಮೊದಲನೆಯದೆಂದೂ ಮೇಲ್ಮಟ್ಟದ್ದೆಂದೂ ಹೊಗಳಿದವನು ಕವಿ ಟಿ. ಎಸ್. ಎಲಿಯಟ್. ಆ ಕಾದಂಬರಿಯ ಬಾಗಿಲು ತೆರೆಯುವುದು 1799ರ ಮೇ 4ರಂದು, ಶ್ರೀರಂಗಪಟ್ಟಣದ ಕೋಟೆಗೋಡೆಯ ಬಿರುಕಿನಲ್ಲಿ.

ಈ ಪುಸ್ತಕವನ್ನು ನಾನು ಮೂರು ಸಲ ಓದಿದ್ದೇನೆ. ಮೊದಲ ಸಲ ಕಳ್ಳ ಯಾರೆಂದು ತಿಳಿಯುವ ಆತುರ. ಎರಡನೆಯ ಸಲ ಪತ್ತೇದಾರನ ಜಾಣತನವನ್ನು ಸವಿಯುವ ಆಸೆ. ಮೂರನೆಯ ಸಲ, ವಯಸ್ಸಾದ ಮೇಲೆ ಓದಿದಾಗ ಮಾತ್ರ ಬೇರೊಂದು ಪ್ರಶ್ನೆ ಎದ್ದಿತು. ಇಷ್ಟು ದೊಡ್ಡ ಪತ್ತೇದಾರನನ್ನು ಕರೆಸಿದ್ದು ಎರಡನೆಯ ಕಳವಿಗಲ್ಲವೆ? ಮೊದಲನೆಯ ಕಳವಿಗೆ ಯಾರು ಬಂದರು? ಆ ಪ್ರಶ್ನೆಯನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಕಥೆಯ ಎಳೆ ತಿಳಿಯದವರಿಗಾಗಿ ಸ್ವಲ್ಪ ಹೇಳಬೇಕು. ಸೋಮನಾಥದ ಚಂದ್ರದೇವನ ಹಣೆಯಲ್ಲಿದ್ದ ಹಳದಿ ವಜ್ರವೊಂದು ಹಲವು ಕೈ ಬದಲಾಯಿಸಿ ಟಿಪ್ಪು ಸುಲ್ತಾನನ ಆಯುಧಶಾಲೆಯ ಒಂದು ಕಠಾರಿಯ ಹಿಡಿಗೆ ಬಂದು ಸೇರಿದೆ. ಈ ವಜ್ರ ಕಾಲಿನ್ಸನ ಕಲ್ಪನೆ. ರಷ್ಯದ ಚಕ್ರವರ್ತಿಯ ರಾಜದಂಡದಲ್ಲಿದ್ದ ವಜ್ರವೂ ಕೊಹಿನೂರೂ ತನಗೆ ಮಾದರಿಯಾದುವೆಂದು ಅವನೇ ಮುನ್ನುಡಿಯಲ್ಲಿ ತಿಳಿಸಿದ್ದಾನೆ. ಕೋಟೆ ಬಿದ್ದ ರಾತ್ರಿ ಹರ್ನ್‌ಕ್ಯಾಸಲ್ ಎಂಬ ಇಂಗ್ಲಿಷ್ ಅಧಿಕಾರಿ ಆ ವಜ್ರಕ್ಕೆ ಕಾವಲಿದ್ದ ಮೂವರನ್ನು ಕೊಂದು ಕಠಾರಿಯನ್ನು ಲಪಟಾಯಿಸುತ್ತಾನೆ. ಅವನ ದಾಯಾದಿಯೊಬ್ಬ ಬಾಗಿಲಲ್ಲಿ ನಿಂತು ಕಣ್ಣಾರೆ ನೋಡುತ್ತಾನೆ: ಒಂದು ಕೈಯಲ್ಲಿ ಪಂಜು, ಇನ್ನೊಂದು ಕೈಯಲ್ಲಿ ನೆತ್ತರು ತೊಟ್ಟಿಕ್ಕುವ ಕಠಾರಿ, ಕಾಲ ಬಳಿ ಸಾಯುತ್ತಿರುವ ಕಾವಲುಗಾರ. ಆದರೂ ಆ ದಾಯಾದಿ ದೂರು ಕೊಡುವುದಿಲ್ಲ. ಇರಿಯುವುದನ್ನು ತಾನು ಕಂಡಿಲ್ಲವಲ್ಲ, ಸಾಕ್ಷ್ಯ ಸಾಲದು ಎಂಬುದು ಅವನ ವಾದ. ಹರ್ನ್‌ಕ್ಯಾಸಲನ ಜೊತೆ ಮಾತು ಬಿಟ್ಟು, ಮನೆಯವರಿಗೆ ಒಂದು ಕಾಗದ ಬರೆದು ಸುಮ್ಮನಾಗುತ್ತಾನೆ. ಐವತ್ತು ವರ್ಷಗಳಾದ ಮೇಲೆ ಆ ವಜ್ರ ಉಯಿಲಿನ ಮೂಲಕ ಯಾರ್ಕ್‌ಷೈರಿನ ರೇಚೆಲ್ ವೆರಿಂಡರ್ ಎಂಬ ಹುಡುಗಿಯ ಕೈಗೆ ಬರುತ್ತದೆ. 1848ರ ಜೂನ್ 21, ಅವಳ ಹುಟ್ಟುಹಬ್ಬ. ಆ ರಾತ್ರಿಯೇ ಅದು ಕಾಣೆಯಾಗುತ್ತದೆ. ಆಗ ಮನೆ ಅಲ್ಲೋಲಕಲ್ಲೋಲ. ಲಂಡನ್ನಿಗೆ ತಂತಿ ಹೋಗುತ್ತದೆ. ಸ್ಕಾಟ್ಲೆಂಡ್ ಯಾರ್ಡಿನಿಂದ ಸಾರ್ಜೆಂಟ್ ಕಫ್ ಬಂದಿಳಿಯುತ್ತಾನೆ.

ಈ ಕಫ್‌ನ ಚಿತ್ರ ಕಾಲಿನ್ಸನ ಲೇಖನಿಯ ಹೆಚ್ಚುಗಾರಿಕೆ ಎಂದರೆ ತಪ್ಪಾಗಲಾರದು. ನರೆತ ತಲೆ, ಎಲುಬಿಗೆ ಅಂಟಿದ ಮೈ, ಕೊಡಲಿಯಲಗಿನಂಥ ಮುಖ. ಬಂದವನು ವಜ್ರದ ಮಾತೆತ್ತುವ ಮೊದಲು ಗುಲಾಬಿ ತೋಟಕ್ಕೆ ಹೋಗಿ, ಪಾತಿಗಳ ನಡುವಣ ಹಾದಿಗೆ ಹುಲ್ಲು ಹಾಕಬೇಕೋ ಗರಸು ಹಾಕಬೇಕೋ ಎಂದು ತೋಟದ ಮಾಲಿಯೊಡನೆ ಜಗಳಕ್ಕೆ ನಿಲ್ಲುತ್ತಾನೆ. ಕೆಲಸ ಬಿಟ್ಟ ಮೇಲೆ ಗುಲಾಬಿ ಬೆಳೆಸಿಕೊಂಡಿರುವುದು ಅವನ ಕನಸು. ಮುಂದೆ ಇಂಗ್ಲಿಷಿನ ಪೊಲೀಸ್ ಪತ್ತೇದಾರರಿಗೆಲ್ಲ ಇಂಥದೊಂದು ಮೆದುವಾದ ಹುಚ್ಚು ಅಂಟಿಕೊಂಡಿತು. ಪಿ. ಡಿ. ಜೇಮ್ಸಳ ಡಾಲ್‌ಗ್ಲೀಷ್ ಕವಿತೆ ಬರೆದ. ಕಾಲಿನ್ ಡೆಕ್ಸ್ಟರನ ಮೋರ್ಸ್ ಸಂಗೀತದಲ್ಲಿ ಮುಳುಗಿದ. ಆ ಕವಿತೆಗೂ ಸಂಗೀತಕ್ಕೂ ಬೇರು ಕಫ್‌ನ ಗುಲಾಬಿ ಪಾತಿಯಲ್ಲಿದೆ.

ಅವನ ಕೆಲಸದ ಕ್ರಮವೂ ಹೊಸದು. ರೇಚೆಲಳ ಕೋಣೆಯ ಬಾಗಿಲಿಗೆ ಹೊಸದಾಗಿ ಬಳಿದ ಬಣ್ಣ ಒಂದು ಕಡೆ ಅಳಿಸಿದೆ. ಮೊದಲು ಬಂದಿದ್ದ ಸ್ಥಳೀಯ ಪೊಲೀಸ್ ಅಧಿಕಾರಿ ಸೀಗ್ರೇವ್, ಹೆಂಗಸರ ಲಂಗ ತಗುಲಿರಬೇಕೆಂದು ಅದನ್ನು ಕಡೆಗಣಿಸಿದ್ದಾನೆ. ಕಫ್ ಮಾತ್ರ ಬಣ್ಣ ಒಣಗಲು ಎಷ್ಟು ಹೊತ್ತು ಬೇಕೆಂದು ಕೇಳುತ್ತಾನೆ. ಕೊನೆಯ ಸಲ ಅದು ಸರಿಯಾಗಿದ್ದುದನ್ನು ಕಂಡವರು ಯಾರೆಂದು ವಿಚಾರಿಸುತ್ತಾನೆ. ನಡುರಾತ್ರಿಗೂ ಬೆಳಗಿನ ಮೂರು ಗಂಟೆಗೂ ನಡುವೆ ಯಾರದೋ ಬಟ್ಟೆಗೆ ಈ ಬಣ್ಣ ಮೆತ್ತಿದೆ, ಆ ಬಟ್ಟೆ ಸಿಕ್ಕಿದರೆ ಕಳ್ಳ ಸಿಕ್ಕಿದ ಎಂದು ನಿರ್ಧರಿಸುತ್ತಾನೆ. ಅಗಸರ ಲೆಕ್ಕದ ಪುಸ್ತಕ ತರಿಸುತ್ತಾನೆ. ಇಲ್ಲಿ ಮಂತ್ರವಿಲ್ಲ, ಮಾಯವಿಲ್ಲ. ಅಡಿಗೆಮನೆಯ ಯಜಮಾನಿಯ ಲೆಕ್ಕಾಚಾರವಿದೆ. ಪತ್ತೇದಾರಿಗೆ ಈ ಗೃಹಕೃತ್ಯದ ವಿವೇಕವನ್ನು ತಂದುಕೊಟ್ಟದ್ದು ಕಾಲಿನ್ಸನ ದೊಡ್ಡಸ್ತಿಕೆ.

ಆದರೆ ಈ ಲೆಕ್ಕದ ಪುಸ್ತಕ ಬರೀ ಕಲ್ಪನೆಯಲ್ಲ. ಅದರ ಹಿಂದೆ ನಡೆದ ಸಂಗತಿಯೊಂದಿದೆ. ಲಂಡನ್ನಿನಲ್ಲಿ ಪತ್ತೇದಾರ ಪೊಲೀಸರ ಶಾಖೆ ಹುಟ್ಟಿದ್ದು 1842ರಲ್ಲಿ; ಮೊದಲಿಗಿದ್ದವರು ಇಬ್ಬರು ಇನ್‌ಸ್ಪೆಕ್ಟರು, ಆರು ಮಂದಿ ಸಾರ್ಜೆಂಟು. ಆ ಮೊದಲ ತಂಡದಲ್ಲಿದ್ದ ಜೊನಾಥನ್ ವಿಚರ್ ಎಂಬುವನನ್ನು 1860ರಲ್ಲಿ ರೋಡ್ ಎಂಬ ಹಳ್ಳಿಗೆ ಕಳಿಸಿದರು. ಅಲ್ಲಿ ಕೆಂಟ್ ಎಂಬ ಗೃಹಸ್ಥರ ಮನೆಯ ಪುಟ್ಟ ಮಗುವಿನ ಕೊಲೆಯಾಗಿತ್ತು. ವಿಚರ್ ಅಗಸರ ಪುಸ್ತಕವನ್ನೂ ಕಾಣೆಯಾದ ಒಂದು ರಾತ್ರಿಯುಡುಪನ್ನೂ ಹಿಡಿದು, ಆ ಮನೆಯ ಮಗಳು ಹದಿನಾರರ ಕಾನ್‌ಸ್ಟೆನ್ಸಳೇ ಕೊಲೆಗಾರಳೆಂದು ಅವಳನ್ನು ಸೆರೆಹಿಡಿದ. ಊರೂ ಪತ್ರಿಕೆಗಳೂ ಅವನ ಮೇಲೆ ಹರಿಹಾಯ್ದವು. ಕೂಲಿ ಕುಲದ ಪೊಲೀಸಿನವನು ದೊಡ್ಡ ಮನೆಯ ಹೆಣ್ಣುಮಗುವಿನ ಬಟ್ಟೆಬರೆಯನ್ನು ಕೆದಕುವುದೇ? ಹುಡುಗಿ ಬಿಡುಗಡೆಯಾದಳು, ವಿಚರ್ ಹೆಸರು ಕೆಡಿಸಿಕೊಂಡು 1864ರಲ್ಲಿ ಕೆಲಸ ಬಿಟ್ಟ. ಮರುವರ್ಷ, 1865ರಲ್ಲಿ, ಆ ಹುಡುಗಿ ತಾನಾಗಿಯೇ ಬಂದು ತಪ್ಪೊಪ್ಪಿಕೊಂಡಳು.

ಇದನ್ನು ಬಲ್ಲವರಿಗೆ ಕಾಲಿನ್ಸನ ಕೈಚಳಕ ಕಾಣುತ್ತದೆ. ಅವನು ನಿಜವನ್ನು ಒಳಗುಹೊರಗು ಮಾಡಿದ್ದಾನೆ. ವಿಚರ್ ಹೇಳಿದ್ದು ಸರಿಯಾಗಿತ್ತು, ಜನ ನಂಬಲಿಲ್ಲ. ಕಫ್ ಹೇಳಿದ್ದು ತಪ್ಪಾಗಿತ್ತು. ಆದರೂ ಓದುಗರು ಅವನನ್ನು ಪ್ರೀತಿಸಿದರು. ಮನೆಯ ಮಗಳು ರೇಚೆಲಳೇ ತನ್ನ ವಜ್ರವನ್ನು ತಾನೇ ಅಡಗಿಸಿಟ್ಟಿದ್ದಾಳೆ, ಗುಟ್ಟಿನ ಸಾಲ ತೀರಿಸಲು ಅದನ್ನು ಒತ್ತೆಯಿಡುತ್ತಾಳೆ, ಕೆಲಸದ ಹುಡುಗಿ ರೊಸಾನಾ ಅದಕ್ಕೆ ನೆರವಾಗಿದ್ದಾಳೆ — ಇದು ಕಫ್‌ನ ತೀರ್ಮಾನ. ಕಂಡ ಸುಳಿವುಗಳೆಲ್ಲ ಸರಿ, ಕಟ್ಟಿದ ಕಥೆ ಮಾತ್ರ ತಪ್ಪು. ನಿಜವಾಗಿ ನಡೆದದ್ದೇನೆಂದರೆ, ರೇಚೆಲಳ ನಲ್ಲ ಫ್ರಾಂಕ್ಲಿನನು ತನಗೇ ತಿಳಿಯದಂತೆ ಅಫೀಮಿನ ಅಮಲಿನಲ್ಲಿ ವಜ್ರವನ್ನು ಎತ್ತಿದ್ದಾನೆ. ಅದನ್ನು ರೇಚೆಲ್ ಕಣ್ಣಾರೆ ಕಂಡಿದ್ದಾಳೆ. ಪ್ರೀತಿಯಿಂದ ಬಾಯಿ ಬಿಡಲಿಲ್ಲ. ಅವನ ಬಣ್ಣ ಮೆತ್ತಿದ ಅಂಗಿ ರೊಸಾನಾಳ ಕೈಗೆ ಸಿಕ್ಕಿದೆ. ಅವಳೂ ಪ್ರೀತಿಯಿಂದಲೇ ಅದನ್ನು ಸಮುದ್ರದಂಚಿನ ಉಸುಬಿನಲ್ಲಿ ಹೂತಳು. ಕಫ್ ಬಟ್ಟೆಯನ್ನು ಓದಬಲ್ಲ, ಬಣ್ಣವನ್ನು ಓದಬಲ್ಲ. ಹೆಂಗಸರ ಮೌನವನ್ನು ಓದಲಾರ. ಲಂಡನ್ನಿನಲ್ಲಿ ಸಾಲದಲ್ಲಿ ಬಿದ್ದ ಎಷ್ಟೋ ದೊಡ್ಡ ಮನೆಯ ಹೆಂಗಸರನ್ನು ಕಂಡಿದ್ದಾನೆ. ಆ ಅನುಭವವೇ ಇಲ್ಲಿ ಅವನ ಕಣ್ಣಿಗೆ ಪೊರೆಯಾಯಿತು.

ಈ ತಪ್ಪಿಗೆ ಬೆಲೆ ತೆತ್ತವರು ಯಾರು? ರೇಚೆಲಳಿಗೆ ಒಂದು ವರ್ಷದ ದುಃಖ, ಕೊನೆಗೆ ಮದುವೆ. ಕಫ್‌ಗೆ ಡಾರ್ಕಿಂಗ್‌ನಲ್ಲಿ ಗುಲಾಬಿ ತೋಟ. ರೊಸಾನಾ ಮಾತ್ರ ಅದೇ ಉಸುಬಿಗೆ ಬಿದ್ದು ಪ್ರಾಣ ಬಿಡುತ್ತಾಳೆ. ಒಲಿಯದ ಪ್ರೀತಿ ಅವಳನ್ನು ಅಲ್ಲಿಗೆ ಕರೆದೊಯ್ದದ್ದು ನಿಜ. ಜೈಲಿನ ಹಳೆಯ ಗುರುತು ಹಿಡಿದು ಬೆನ್ನ ಹಿಂದೆ ಬಿದ್ದ ಕಣ್ಣುಗಳೂ ಅವಳನ್ನು ಅತ್ತ ತಳ್ಳಿದ್ದು ನಿಜ. ಹಿಂದೆ ಕಳ್ಳಿಯಾಗಿದ್ದವಳು, ಒಳ್ಳೆಯವಳಾಗಬೇಕೆಂದು ಹೆಣಗುತ್ತಿದ್ದವಳು ಅವಳು.

ಇಲ್ಲಿ ನನ್ನ ಮನೆಯ ಮಾತೊಂದನ್ನು ಹೇಳಿದರೆ ವಾಚಕರು ಮನ್ನಿಸಬೇಕು. ನಾನು ಚಿಕ್ಕವನಿದ್ದಾಗ ನಮ್ಮ ಅಜ್ಜಿಯ ಮೂಗುಬಟ್ಟು ಕಾಣೆಯಾಯಿತು. ಹುಳು ಹಣ್ಣಾಗುವ ಕಾಲ. ಮನೆ ತುಂಬ ಹಿಪ್ಪುನೇರಳೆ ಸೊಪ್ಪು, ಹಗಲಿರುಳೂ ಕೆಲಸ. ಸೊಪ್ಪು ಕೊಯ್ಯಲು ಬರುತ್ತಿದ್ದ ಒಬ್ಬ ಹೆಂಗಸಿನ ಮೇಲೆ ಎಲ್ಲರ ಕಣ್ಣೂ ಹೋಯಿತು. ಅವಳ ಗಂಡ ಹಿಂದೊಮ್ಮೆ ತೆಂಗಿನಕಾಯಿ ಕದ್ದು ಸಿಕ್ಕಿಬಿದ್ದಿದ್ದ, ಸಾಕ್ಷ್ಯ ಅಷ್ಟೆ. ಯಾರೂ ಅವಳನ್ನು ಬಯ್ಯಲಿಲ್ಲ, ಹೊಡೆಯಲಿಲ್ಲ. “ನೀನು ನಾಳೆಯಿಂದ ಬರಬೇಡ ಕಣಮ್ಮ” ಎಂದು ಅಜ್ಜಿ ಮೆಲ್ಲಗೆ ಹೇಳಿದರು, ಅಷ್ಟೆ. ಅವಳು ಏನೂ ಹೇಳದೆ ಕುಡುಗೋಲನ್ನು ಜಗುಲಿಯ ಮೇಲಿಟ್ಟು ಹೋದಳು. ಗೂಡು ಬಿಡಿಸಿಯಾದ ಮೇಲೆ ಚಂದ್ರಿಕೆಗಳನ್ನು ಬಿಸಿಲಿಗೆ ಒಡ್ಡುವಾಗ, ಒಂದರ ಬಿದಿರ ಸುರುಳಿಯ ಸಂದಿಯಲ್ಲಿ ಮೂಗುಬಟ್ಟು ಹೊಳೆಯಿತು. ಅಜ್ಜಿ ಅವಳನ್ನು ಕರೆತರಲು ಆಳು ಕಳಿಸಿದರು. ಅಷ್ಟು ಹೊತ್ತಿಗೆ ಆ ಸಂಸಾರ ಊರು ಬಿಟ್ಟಿತ್ತು. ಅಜ್ಜಿ ಆಮೇಲೆ ಆ ಮೂಗುಬಟ್ಟನ್ನು ಇಟ್ಟುಕೊಳ್ಳಲಿಲ್ಲ. ಕಫ್ ತನ್ನ ತಪ್ಪನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡು, ಕೂಲಿಯ ಆಸೆಯಿಲ್ಲದೆ ಮತ್ತೆ ಕೆಲಸಕ್ಕೆ ಇಳಿಯುವ ಪ್ರಸಂಗವನ್ನು ಓದುವಾಗೆಲ್ಲ ನನಗೆ ಅಜ್ಜಿಯ ಬರಿ ಮೂಗು ನೆನಪಾಗುತ್ತದೆ. ತಪ್ಪೊಪ್ಪಿಕೊಳ್ಳುವ ಪತ್ತೇದಾರ ದೊಡ್ಡವನು, ಸಂದೇಹವಿಲ್ಲ. ಆದರೆ ಒಪ್ಪಿಕೊಂಡದ್ದು ಊರು ಬಿಟ್ಟವರಿಗೆ ತಲಪುವುದಿಲ್ಲ.

ಇನ್ನು ಮೊದಲ ಪ್ರಶ್ನೆಗೆ ಬರೋಣ. ವಜ್ರವನ್ನು ಹುಡುಕಿಕೊಂಡು ಮೂವರು ಭಾರತೀಯರು ಇಂಗ್ಲೆಂಡಿಗೆ ಬಂದಿದ್ದಾರೆ. ವಜ್ರ ಕಾಣೆಯಾದ ಕೂಡಲೆ ಮೊದಲು ಜೈಲಿಗೆ ಹೋದವರು ಅವರೇ. ಅಂದು ಅವರು ಕದ್ದಿರಲಿಲ್ಲ; ಆದರೂ ಅಂಡಲೆಯುವವರೆಂಬ ನೆಪದ ಮೇಲೆ ಅವರನ್ನು ಒಳಗಿಡಲಾಗುತ್ತದೆ. ಆ ಕಾಲವನ್ನು ನೆನೆದರೆ ಕಾಲಿನ್ಸನ ಧೈರ್ಯವನ್ನು ಮೆಚ್ಚಬೇಕು. 1857ರ ದಂಗೆಯ ಕಾವಿನಲ್ಲಿ ಡಿಕನ್ಸನಂಥ ಡಿಕನ್ಸನೂ ಭಾರತೀಯರ ಮೇಲೆ ಕೆಂಡ ಕಾರಿದ್ದ. ಅದೇ ಡಿಕನ್ಸನ ವಾರಪತ್ರಿಕೆಯಲ್ಲಿ, ಹನ್ನೊಂದು ವರ್ಷಗಳ ಅಂತರದಲ್ಲಿ, ಕಾಲಿನ್ಸ್ ಈ ಕಥೆಯನ್ನು ಕಂತುಕಂತಾಗಿ ಬರೆದ. ವಜ್ರವನ್ನು ನಿಜವಾಗಿ ನುಂಗಿದವನು ಧರ್ಮಸಭೆಗಳಲ್ಲಿ ಭಾಷಣ ಮಾಡುವ ಇಂಗ್ಲಿಷ್ ಸಜ್ಜನ ಗಾಡ್‌ಫ್ರೇ ಎಂದು ತೋರಿಸಿದ. ಅವನನ್ನು ಕೊಂದು ವಜ್ರವನ್ನು ಒಯ್ದ ಆ ಮೂವರು ಪೊಲೀಸರ ಕೈಗೆ ಸಿಕ್ಕುವುದೇ ಇಲ್ಲ. ವಜ್ರ ಸೋಮನಾಥದ ದೇವರ ಹಣೆಗೆ ಮರಳುತ್ತದೆ. ಕೊಲೆಗಾರರು ತಪ್ಪಿಸಿಕೊಂಡರೆಂದು ಓದುಗರು ನಿಟ್ಟುಸಿರು ಬಿಡದೆ ಸಮಾಧಾನಪಡುವಂತೆ ಮಾಡಿದ ಪತ್ತೇದಾರಿ ಕಾದಂಬರಿಗಳು ಹೆಚ್ಚಿಲ್ಲ.

ಹೀಗಿದ್ದೂ ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಕಾರಣಗಳು ಎರಡು.

ಮೊದಲನೆಯದು, ಈ ಕಾದಂಬರಿಯನ್ನು ಹತ್ತಕ್ಕೂ ಹೆಚ್ಚು ಕೈಗಳು ಬರೆಯುತ್ತವೆ. ಮನೆಯ ಮುದಿ ಬಟ್ಲರ್ ಬರೆಯುತ್ತಾನೆ, ವಕೀಲ ಬರೆಯುತ್ತಾನೆ, ಮಡಿವಂತಿಕೆಯ ಹೆಂಗಸು ಬರೆಯುತ್ತಾಳೆ, ವೈದ್ಯನ ಸಹಾಯಕ ಬರೆಯುತ್ತಾನೆ, ಕಫ್ ಬರೆಯುತ್ತಾನೆ. ಸತ್ತ ರೊಸಾನಾಳ ಕಾಗದವೂ ನಮ್ಮ ಕೈಗೆ ಬರುತ್ತದೆ. ಆದರೆ ಆ ಮೂವರಲ್ಲಿ ಒಬ್ಬನೂ ಒಂದು ಪುಟವನ್ನೂ ಬರೆಯುವುದಿಲ್ಲ. ಅವರ ಕಥೆಯನ್ನು ಕೊನೆಗೆ ಹೇಳುವವನೂ ಒಬ್ಬ ಇಂಗ್ಲಿಷ್ ಪ್ರವಾಸಿಯೇ. ಜಾತಿ ಕಳೆದುಕೊಂಡು, ಮನೆಮಠ ಬಿಟ್ಟು ಬಾಳನ್ನೇ ಒಂದು ಕಲ್ಲಿಗೆ ಒಪ್ಪಿಸಿದವರ ಎದೆಯಲ್ಲಿ ಏನಿತ್ತು? ಕಾಲಿನ್ಸ್ ಭಾರತವನ್ನು ಕಂಡವನಲ್ಲ. ಸೋಮನಾಥ ಶಿವಕ್ಷೇತ್ರವೆಂಬುದು ನಮ್ಮ ಹಳ್ಳಿಯ ಹುಡುಗನಿಗೂ ಗೊತ್ತು. ಕಾದಂಬರಿಯಲ್ಲಿ ಅಲ್ಲಿ ಚಂದ್ರನೇ ಮೂಲದೇವರು, ಅವನ ವಜ್ರವನ್ನು ಕಾಯಿರೆಂದು ಕನಸಿನಲ್ಲಿ ಬಂದು ಆಜ್ಞೆ ಮಾಡುವವನು ವಿಷ್ಣು. ಇದು ಸಣ್ಣ ತಪ್ಪೆಂದು ಬಿಡಬಹುದು. ಬಾಗಿಲಿಗೆ ಮೆತ್ತಿದ ಬಣ್ಣದ ವಿಷಯದಲ್ಲಿ ಸಣ್ಣದೆಂಬುದೇ ಇಲ್ಲ ಎಂದು ನಮಗೆ ಕಲಿಸಿದ ಪುಸ್ತಕದಲ್ಲಿ ಮಾತ್ರ ಅದನ್ನು ಬಿಡುವುದು ಕಷ್ಟ.

ಎರಡನೆಯದು ಹೆಚ್ಚು ಮುಖ್ಯ. ಕೊಳ್ಳೆ ಹೊಡೆದವರನ್ನು ಗಲ್ಲಿಗೇರಿಸುವುದಾಗಿ ಜನರಲ್ ಬೇರ್ಡ್ ಡಂಗುರ ಹೊಡೆಸಿದನೆಂದು ಕಾದಂಬರಿ ಹೇಳುತ್ತದೆ. ಇದರಿಂದ ಹರ್ನ್‌ಕ್ಯಾಸಲ್ ಒಬ್ಬನೇ ಪಾಪಿ, ಸೈನ್ಯ ಶುದ್ಧ ಎಂಬ ಭಾವನೆ ಓದುಗನಲ್ಲಿ ಮೂಡುತ್ತದೆ. ಚರಿತ್ರೆ ಹಾಗಿಲ್ಲ. ಕೋಟೆ ಬಿದ್ದ ರಾತ್ರಿ ಸಿಪಾಯಿಗಳು ಮನೆಮನೆಯನ್ನೂ ದೋಚಿದರು. ಮರುದಿನ ಆರ್ಥರ್ ವೆಲ್ಲೆಸ್ಲಿ ಅಧಿಕಾರ ವಹಿಸಿಕೊಂಡು ಕೆಲವರನ್ನು ಗಲ್ಲಿಗೇರಿಸಿ, ಹಲವರಿಗೆ ಚಾಟಿಯೇಟು ಹಾಕಿಸಿ ಅದನ್ನು ನಿಲ್ಲಿಸಿದ. ಆಮೇಲೆ ನಡೆದದ್ದು ಕ್ರಮಬದ್ಧವಾದ ಹಂಚಿಕೆ. ಟಿಪ್ಪುವಿನ ಸಿಂಹಾಸನವನ್ನು ಒಡೆದು ತುಂಡು ಮಾಡಿದರು. ಖಜಾನೆಯನ್ನು ಬೆಲೆ ಕಟ್ಟಿ ದರ್ಜೆಗೆ ತಕ್ಕಂತೆ ಪಾಲು ಮಾಡಿದರು. ದಂಡನಾಯಕ ಹ್ಯಾರಿಸನಿಗೆ ಸಂದದ್ದು ಲಕ್ಷ ಪೌಂಡನ್ನು ಮೀರಿದ ಮೊತ್ತ. ಸಿಂಹಾಸನದ ಚಿನ್ನದ ಹುಲಿಯ ತಲೆ ವಿಂಡ್ಸರ್ ಅರಮನೆಗೆ ಸೇರಿತು. ಸಿಪಾಯಿಯ ಮೇಲೆರಗಿದ ಮರದ ಹುಲಿ ಲಂಡನ್ನಿಗೆ ಹೋಗಿ, 1808ರಿಂದ ಕುಂಪಣಿಯ ಕಛೇರಿಯಲ್ಲಿ ಜನರಿಗೆ ನೋಟವಾಯಿತು. ಇಂದು ಅದು ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಒಬ್ಬನೇ ಎತ್ತಿದರೆ ಕಳವು. ಸಾಲಾಗಿ ನಿಂತು ಹಂಚಿಕೊಂಡರೆ ಬಹುಮಾನ. ಈ ಎರಡರ ನಡುವಣ ಗೆರೆಯನ್ನು ಯಾವ ಸಾರ್ಜೆಂಟನೂ ಪರೀಕ್ಷಿಸಲಿಲ್ಲ.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ವಜ್ರ ಟಿಪ್ಪುವಿನ ಕೈಗೆ ಬಂದದ್ದೂ ಕಳವಿನ ಸರಪಳಿಯಿಂದಲೇ ಎಂದು ಕಾಲಿನ್ಸ್ ತೋರಿಸಿದ್ದಾನೆ. ಔರಂಗಜೇಬನ ಕಾಲದ ಒಬ್ಬ ಸರದಾರ ಅದನ್ನು ದೇವಸ್ಥಾನದಿಂದ ದೋಚಿದ್ದ. ಸಿಂಹಾಸನಗಳೆಲ್ಲ ಕದ್ದ ಮಾಲನ್ನು ಬಚ್ಚಿಡುವ ಜಾಗಗಳೆಂಬ ಕಹಿಯಾದ ನೋಟ ಅವನಿಗಿದೆ. ಆದ್ದರಿಂದಲೇ ನನಗೆ ಅವನ ಮೇಲೆ ಈ ದೂರು. ಅಷ್ಟು ಕಂಡವನು ಇನ್ನಷ್ಟು ಕಾಣಬಹುದಿತ್ತು.

ಪೊಲೀಸ್ ಪತ್ತೇದಾರನ ಮುಂದಿನ ಗತಿಯೂ ಯೋಚನೆಗೆ ಎಡೆಮಾಡುತ್ತದೆ. ಕಫ್‌ನ ಬಳಿಕ ಇಂಗ್ಲಿಷ್ ಕಥೆಗಾರರು ಪೊಲೀಸರನ್ನು ಮೂಲೆಗೆ ತಳ್ಳಿದರು. ಹೋಮ್ಸನ ಮುಂದೆ ಲೆಸ್ಟ್ರೇಡ್ ಪೆದ್ದ. ಪ್ವಾರೋವಿನ ಮುಂದೆ ಜ್ಯಾಪ್ ಪೆದ್ದ. ಕ್ರಾಫ್ಟ್ಸನ ಇನ್‌ಸ್ಪೆಕ್ಟರ್ ಫ್ರೆಂಚ್ 1924ರಲ್ಲಿ ಬಂದು, ರೈಲಿನ ವೇಳಾಪಟ್ಟಿ ಹಿಡಿದು ದುಡಿಯುವ ಸಾಮಾನ್ಯ ನೌಕರನಿಗೂ ಮರ್ಯಾದೆ ಉಂಟೆಂದು ತೋರಿಸಿದ. 1934ರಲ್ಲಿ ನಾಯೊ ಮಾರ್ಷಳ ಆಲಿನ್ ಬಂದ. ಅವನು ಶ್ರೀಮಂತ ಮನೆತನದವನು. ದೊಡ್ಡ ಮನೆಯ ಬಾಗಿಲು ತಟ್ಟುವ ಪೊಲೀಸಿನವನು ಆ ಮನೆಯವರ ಕುಲದವನೇ ಆಗಿಬಿಟ್ಟರೆ ವಿಚರ್‌ಗೆ ಆದ ಅವಮಾನ ಆಗುವುದಿಲ್ಲ. ಕಫ್‌ಗಿದ್ದ ಮುಳ್ಳೂ ಉಳಿಯುವುದಿಲ್ಲ. ನಮ್ಮಲ್ಲಿ ಎನ್. ನರಸಿಂಹಯ್ಯನವರು 1952ರಲ್ಲಿ ‘ಪತ್ತೇದಾರ ಪುರುಷೋತ್ತಮನ ಸಾಹಸ’ ಬರೆದು ಕನ್ನಡದ ಎಳೆಯರಿಗೆ ಓದುವ ಹುಚ್ಚು ಹಿಡಿಸಿದರು. ಅವರ ಪುರುಷೋತ್ತಮ ಖಾಸಗಿ ಪತ್ತೇದಾರ, ಠಾಣೆಯ ನೌಕರನಲ್ಲ. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲವೆಂದು ನನ್ನ ಎಣಿಕೆ. ನಮ್ಮ ಹಳ್ಳಿಗಾಡಿನಲ್ಲಿ ಠಾಣೆಯ ಮೆಟ್ಟಿಲು ಹತ್ತುವುದೇ ಒಂದು ಅಪಕೀರ್ತಿ; ಕಳವಾದವನೂ ಹತ್ತಲು ಹಿಂಜರಿಯುತ್ತಾನೆ. ಗುಲಾಬಿ ಗಿಡದ ಮುಂದೆ ನಿಂತು ಮಾತಾಡುವ ಸಾರ್ಜೆಂಟನನ್ನು ನಂಬುವುದು ನಮಗೆ ಕಥೆಯಲ್ಲೂ ಸುಲಭವಲ್ಲ.

ಹೋದ ಸಲ ಶ್ರೀರಂಗಪಟ್ಟಣಕ್ಕೆ ಹೋದಾಗ ನದಿಯ ಕಡೆಯ ಕೋಟೆಗೋಡೆಯ ಬಳಿ ಸ್ವಲ್ಪ ಹೊತ್ತು ನಿಂತಿದ್ದೆ. ಬಿಸಿಲು, ಕಳ್ಳಿ ಗಿಡ, ಮೇಯುವ ಆಡುಗಳು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮ ಹಿರಿಯರ ಬಾಯಲ್ಲಿ ಬರೀ ಬುದ್ಧಿಮಾತು. ಈ ಗೋಡೆಯ ಬುಡದಲ್ಲಿ ನಿಂತಾಗ ಅದು ವರದಿಯಂತೆ ಕೇಳಿಸಿತು. ಸಾರ್ಜೆಂಟ್ ಕಫ್ ನನಗೆ ಇವತ್ತಿಗೂ ಪ್ರಿಯನೇ. ತಪ್ಪಿದ್ದೇನೆ ಎನ್ನಬಲ್ಲ ಪತ್ತೇದಾರ ಸಿಕ್ಕುವುದು ಅಪರೂಪ. ಆದರೆ ಅವನನ್ನು ಒಂದು ಸಲ ಯಾರ್ಕ್‌ಷೈರಿನ ಬಣ್ಣದ ಬಾಗಿಲಿನಿಂದ ಕರೆತಂದು ಈ ಗೋಡೆಯ ಮುಂದೆ ನಿಲ್ಲಿಸಬೇಕೆಂದು ಆಸೆ. ಇಲ್ಲಿ ಮೆತ್ತಿದ ಕಲೆ ಯಾರ ಬಟ್ಟೆಗೆ ಹತ್ತಿತೆಂದು ಅವನು ಅಗಸರ ಲೆಕ್ಕದ ಪುಸ್ತಕ ತರಿಸಬೇಕು. ಆ ಪುಸ್ತಕವನ್ನು ಕಾಲಿನ್ಸ್ ಬರೆಯಲಿಲ್ಲ. ಬರೆಯುವವರು ಕನ್ನಡದಲ್ಲಿ ಬರಬಹುದೆಂದು ಕಾದಿದ್ದೇನೆ.